ಹಳೇ ಕುಂಚಿಗಿ

ನಾರಾಯಣಪೇಟ
೧೯ ನವೆಂಬರ್ ೧೯೪೮

ಶಿವಬಸಮ್ಮಗ,

ನಾನೂ ಮಕ್ಕಳೂ ಮನಿ ಮುಟ್ಟೀವಿ. ಮಕ್ತಲದಿಂದ ಬರೂಮುಂದ ಎರಡು ಕಡೆ ಮಿಲಿಟರಿಯವರು ಬಂಡಿ ನಿಲ್ಲಿಸಿದರು. ಒಳಗ ಏನೈತಿ ಅಂತ ಕೇಳಿದ ಸಿಪಾಯಿಗೆ 'ಎರಡು ಮಕ್ಕಳು, ಒಂದು ಕೆಮ್ಮು' ಅಂದೆ. ನನ್ನ ಮಾತು ಅವಗ ತಿಳೀಲಿಲ್ಲ, ಚನ್ನಿ ಕೆಮ್ಮಿದ್ದು ತಿಳೀತು. ದೂರ ಸರದು ದಾರಿ ಬಿಟ್ಟ. ಹೋದ ವರ್ಷ ರಜಾಕಾರರ ಗದ್ದಲದಾಗ ಇದೇ ದಾರ್ಯಾಗ ಒಂದೊಂದು ನಾಕಾದಾಗ ಎಷ್ಟು ಸಲ ಕೈ ಮುಗದೀವಿ. ಆವಾಗ ಈ ಕೆಮ್ಮು ಇದ್ದಿದ್ದರ ಉಪಯೋಗಕ್ಕ ಬೀಳತಿತ್ತು.

ಮಕ್ತಲದ ಹತ್ತಿರ ಹೊಳ್ಯಾಗ ಹರಿಗೋಲು ಆ ದಂಡಿ ಮುಟ್ಟೂತನಕ ನೀ ನನ್ನ ಕಡೆ ತಿರುಗಿ ನೋಡಲಿಲ್ಲ. ಹೆರಿಗಿಗೆ ತವರಿಗೆ ಹೊಂಟ ಹೆಣ್ಣಿನ ಉಡ್ಯಾಗಿನ ಮಕ್ಕಳನ್ನ ನಡುದಾರ್ಯಾಗ ಕಸಗೊಂಡ ಗಂಡನ್ನ ಯಾಕ ನೋಡಬೇಕು, ಬಿಡು. 'ಕೆಮ್ಮೂದು ದೊಡ್ಡದು. ಸಣ್ಣದು ನೆಟ್ಟಗೈತಿ. ಸಿದ್ದುನ್ನರ ನನ್ನ ಕೈಯಾಗ ಕೊಡ್ರಿ' ಅಂದಿ. ಕೊಡಲಿಲ್ಲ. ಸೀರಿ ಗಂಟಿನಾಗ ಒಂದಕ್ಕ ಹುಳ ಬಿದ್ದರ ಮಗ್ಗಲಿನ ಸೀರಿನೂ ಬ್ಯಾರೆ ಇಡಬೇಕು, ಕಣ್ಣಿಗೆ ಹುಳ ಕಾಣಲಿ ಬಿಡಲಿ. ಮಕ್ಕಳ ಮ್ಯಾಲ ಅಂಗಡಿ ಮಾತು ಆಡತೀನಿ ಅಂತ ಬೈ, ಬೈಸಿಕೊಳ್ಳತೀನಿ. ನಾಯಿಕೆಮ್ಮು ಹಸಗೂಸಿಗೆ ಹತ್ತಿದರ ಅದು ಕೆಮ್ಮೂದಿಲ್ಲ. ಸುಮ್ಮನ ಉಸರು ನಿಲ್ಲಿಸತೈತಿ. ನಮ್ಮ ಹಿಂದಿನ ಓಣ್ಯಾಗ ಎರಡು ಬಾಣಂತಿ ಮನಿಗೆ ಹೋಗಿ ಬಂದಾಂವ ನಾನು. ನೀ ಹೋಗಿಲ್ಲ.

ಚನ್ನಿಗೆ ಕೆಮ್ಮು ಹತ್ತಿದಾಗೊಮ್ಮೆ ಅಡಗಿಮನಿ ಗ್ವಾಡಿ ಮ್ಯಾಲ ಇದ್ದಲೀಲೆ ಒಂದು ಗೀಟು ಎಳೀತೀನಿ. ನಿನ್ನಿ ಇಪ್ಪತ್ತಾರು, ಇವತ್ತು ದೀಪ ಹಚ್ಚೂತನಕ ಇಪ್ಪತ್ತೆರಡು. ನಮ್ಮಕ್ಕ ಮಹಾಂತಮ್ಮ 'ಕೂಸಿನ ಕೆಮ್ಮಿಗೂ ಲೆಕ್ಕ ಇಡತೀಯಲ್ಲೋ, ಯಾರ ಕಡೆ ವಸೂಲಿ ಮಾಡಾಂವ?' ಅಂತ ಹಂಗಿಸಿದಳು. ಹಕೀಂ ಸಾಹೇಬರು ಇದ್ದಿದ್ದರ ಅವರ ಚಾಟಣ ನೆಕ್ಕಸತಿದ್ದೆ. ಅವರ ಮನಿಗೆ ಬೀಗ ಐತಿ. ಹೈದರಾಬಾದಿಗೆ ಹೋದರು ಅಂತಾರ, ಅದಕ್ಕೂ ಆಚಿಗೆ ಅಂತನೂ ಅಂತಾರ. ಈ ಮಂದಿ ಹೋದರ ಸಾಕು ಅಂತಿದ್ದವರು ಈಗ ಕೂಸು ಎತ್ತಿಕೊಂಡು ಆ ಬೀಗ ನೋಡಿ ಹೊಳ್ಳಿ ಬರತಾರ.

ಅದಕ್ಕ ಅಗಸರ ಕತ್ತಿ ಹಾಲು ಕುಡಿಸಿದೆ. ಚನ್ನಿ ಮೂಗು ಹಿಡಕೊಂಡು ಕುಡದು, 'ಅಪ್ಪಾ, ನಾ ಇನ್ನ ಒದರತೀನೇನು?' ಅಂತ ಕೇಳಿದಳು. ಈಗೇನು ಕಡಿಮಿ ಒದರತಿ ಅಂದೆ.

ಸಿದ್ದು ಕೆಮ್ಮಿಲ್ಲ.

ತಾಯಪ್ಪ


ಗದ್ವಾಲ
೨೭ ನವೆಂಬರ್ ೧೯೪೮

ಚನ್ನಿ ಅಪ್ಪಗ ಶರಣು.

ಸಿಟ್ಟು ಇಳದಿಲ್ಲ, ಅದಕ್ಕ ಪತ್ರ ಸಣ್ಣದೈತಿ.

ಚನ್ನಿಗೆ ಕೆಮ್ಮು ಬಂದಾಗ ಬೆನ್ನು ಗುದ್ದಬ್ಯಾಡ್ರಿ, ಹಣಿ ಹಿಡೀರಿ. ಕೆಮ್ಮು ನಿಂತ ಮ್ಯಾಲ ಗಂಜಿ ಕುಡಸ್ರಿ, ಮೊದಲ ಕುಡಿಸಿದರ ಕಾರತಾಳ. ಸಿದ್ದುಗ ಎಳ್ಳು ಹಚ್ಚಿದ ರೊಟ್ಟಿ ಕೊಡಬ್ಯಾಡ್ರಿ. ಎಳ್ಳು ಬಾಯಾಗ ಇಟ್ಟರ ಉಗಳತಾನ. ಮಲಗೂಮುಂದ ಅವಗ ಕಿವಿ ಬೇಕು. ನನ್ನ ಎಡಗಿವಿ ತುದಿ ಹಿಡಕೊಂಡ ಮ್ಯಾಲನ ಕಣ್ಣು ಮುಚ್ಚಾಂವ. ನಿಮ್ಮಕ್ಕನ ಕಿವ್ಯಾಗ ವಾಲಿ ಅದಾವ, ಚುಚ್ಚತಾವ. ನೀವ ಕಿವಿ ಕೊಡ್ರಿ.

ಸಿದ್ದುನ ತಲೀ ಮ್ಯಾಲಿನ ಕುಂಚಿಗಿ ತಗೀಬ್ಯಾಡ್ರಿ. ಹೊಳೀ ದಂಡ್ಯಾಗ ನೋಡಿದೆ, ನೀವು ಎತ್ತಿಕೊಂಡಾಗ ಕಿತ್ತಿ ಬಂಡಿ ಕೆಳಗ ಒಗದಿದ್ದ. ಬರೇ ತಲೀಲೆ ಇದ್ದ. ನಾ ತಿರುಗಿ ನೋಡಿಲ್ಲ ಅಂತ ನೀವು ಬರದೀರಿ. ನೋಡೀನಿ.

ಶಿವಬಸಮ್ಮ


ನಾರಾಯಣಪೇಟ
೫ ಡಿಸೆಂಬರ್ ೧೯೪೮

ಶಿವಬಸಮ್ಮಗ,

ಮುಚ್ಚಿಡಾಕ ಬರೂದಿಲ್ಲ. ಮಕ್ತಲದಿಂದ ಬಂದ ಐದನೇ ದಿನಕ್ಕ ಸಿದ್ದುಗೂ ಹತ್ತಿತು. ಹೋದ ಪತ್ರದಾಗ 'ಕೆಮ್ಮಿಲ್ಲ' ಅಂತ ಬರದ ಶಾಯಿ ಆರಿರಲಿಲ್ಲ. ನನ್ನ ಮಾತು ಖರೇ ಆತು, ನೋಡು. ಜನ್ಮದಾಗ ಮೊದಲನೇ ಸಲ ನನ್ನ ಅಂದಾಜು ಸುಳ್ಳಾಗಲಿ ಅಂತ ಬೇಡಿಕೊಂಡಿದ್ದೆ.

ಗ್ವಾಡಿ ಮ್ಯಾಲ ಈಗ ಎರಡು ಸಾಲು. ಚನ್ನೀದು ಇಳಿಯಾಕ ಹತ್ತೈತಿ, ನಿನ್ನಿ ಒಂಬತ್ತು. ಸಿದ್ದುಂದು ಏರಾಕ ಹತ್ತೈತಿ. ಅವನ ಸಂಖ್ಯಾ ಬರಿಯೂದಿಲ್ಲ.

ಇಬ್ಬರನ್ನೂ ಬಂಡ್ಯಾಗ ಹಾಕಿಕೊಂಡು ಮಕ್ತಲಕ್ಕ ಹೋಗಿದ್ದೆ. ಮಿಲಿಟರಿ ಕ್ಯಾಂಪಿನಾಗ ಒಬ್ಬ ಡಾಕ್ಟರ ಅದಾನ, ಮದ್ರಾಸ ಕಡೆಯವ, ಊರಿನ ಮಕ್ಕಳನ್ನೂ ನೋಡತಾನ. ಆಲದ ಗಿಡದ ಕೆಳಗ ತಾಯಂದಿರ ಸಾಲು. ಎಲ್ಲಾ ಜಾತಿಯವರು, ಒಂದ ಕೆಮ್ಮು. ಆ ಸಾಲಿನಾಗ ಗಂಡಸು ನಾನೊಬ್ಬನ. ಒಬ್ಬಾಕಿ 'ತಾಯಿ ಇಲ್ಲೇನಣ್ಣ?' ಅಂದಳು. 'ಅದಾಳ, ಸಿಟ್ಟಾಗ್ಯಾಳ' ಅಂದೆ. ಅಷ್ಟೂ ಮಂದಿ ನಕ್ಕರು. ಡಾಕ್ಟರ ಚನ್ನಿನ್ನ ನೋಡಿ ಬೆನ್ನು ಚಪ್ಪರಿಸಿದ. ಸಿದ್ದುನ ಎದಿಗೆ ನಳಿ ಹಚ್ಚಿ ಭಾಳ ಹೊತ್ತು ಕೇಳಿದ. ಆಮ್ಯಾಲ ಪುಡಿ ಕೊಟ್ಟು, ಕೈ ಮಾಡಿ ತಿಳಿಸಿದ: ತಲೀ, ಎದಿ ಬೆಚ್ಚಗಿರಲಿ, ಥಂಡಿ ತಾಗಬಾರದು. ಇಷ್ಟ. ಇಷ್ಟು ಓದಿದಾಂವನೂ ನೀ ಹೇಳಿದ್ದನ್ನ ಹೇಳಿದ.

ಹಂಗಾಗಿ ಕುಂಚಿಗಿ ಹಗಲೂ ರಾತ್ರಿ ಅವನ ತಲೀ ಮ್ಯಾಲ ಐತಿ. ಮಗ್ಗದಾಗ ದಡಿ ತಪ್ಪಿದ ಸೀರಿ ತುಂಡು ಒಗೀಬಾರದು ಅಂತ ನಾ ಎತ್ತಿಟ್ಟಿದ್ದನ್ನ ನೀ ಹೊಲದದ್ದು. ಚನ್ನಿ ಹಾಕಿ ಬಿಟ್ಟಿದ್ದು, ಅಕಿ ಹಲ್ಲು ಬರೂಮುಂದ ಕಡದ, ಗದ್ದದ ಕೆಳಗ ಕಟ್ಟೂ ಕಸಿ ಇನ್ನೂ ಹಂಗ ಅದಾವ. ಕಟ್ಟಿದಷ್ಟು ಸಲ ಕಿತ್ತಿ ಒಗೀತಾನ. ಒಗದು ನನ್ನ ಮುಖ ನೋಡತಾನ. ಬೈದರ ನಗತಾನ, ನಕ್ಕರ ಕೆಮ್ಮು ಬರತೈತಿ, ಅದಕ್ಕ ಬೈಯೂದು ಬಿಟ್ಟೀನಿ.

ಕಿವಿ ಕೊಟ್ಟೀನಿ. ನನ್ನ ಕಿವಿ ತುದಿ ದಪ್ಪ, ಅವಗ ಸೇರೂದಿಲ್ಲ. ಆದರೂ ಹಿಡೀತಾನ.

ತಾಯಪ್ಪ


ಗದ್ವಾಲ
೧೧ ಡಿಸೆಂಬರ್ ೧೯೪೮

ಚನ್ನಿ ಅಪ್ಪಗ ಶರಣು.

ಪತ್ರ ಮುಟ್ಟಿತು. ನಾ ಬರತೀನಿ ಅಂದೆ. ಅವ್ವ ಬಾಗಲಕ್ಕ ಅಡ್ಡ ಕುಂತಾಳ. ಅಪ್ಪ 'ಈ ಹೊಟ್ಟಿ ಹೊತ್ತು ಹರಿಗೋಲು ಹತ್ತತೀಯೇನು' ಅಂತಾನ. ಕೂಸು ಕೆಳಗ ಇಳದೈತಿ ಅಂತ ಸೂಲಗಿತ್ತಿ ಹೇಳ್ಯಾಳ. ನಿದ್ದಿ ಇಲ್ಲ. ನನ್ನ ಕಿವಿ ತುರಸತೈತಿ.

ಒಂದು ಮಾತು. ಹುಟ್ಟಿದ ಕೂಸಿಗೆ ಮೊದಲ ಹೊಸಾ ಅರಬಿ ತೊಡಸಬಾರದು, ನಿಮಗೂ ಗೊತ್ತೈತಿ. ಆಡಿ ಬೆಳದ ಮಗುವಿನ ಹಳೇದ ಬೇಕು, ಆ ಮಗುವಿನ ಆಯುಷ್ಯ ಹತ್ತಲಿ ಅಂತ. ಚನ್ನೀದು ಸಿದ್ದುಗ ಬಂತು. ಸಿದ್ದುಂದು ಇದಕ್ಕ ಬರಬೇಕು. ಈಗ ಅಲ್ಲ. ಅವಗ ಆರಾಮ ಆದ ಮ್ಯಾಲ, ಎಳ್ಳ ಅಮಾಸಿ ಹೊತ್ತಿಗೆ ಯಾರರ ಈ ಕಡೆ ಬರತಿದ್ದರ ಆ ಕುಂಚಿಗಿ ಕಳಸ್ರಿ. ಒಗೀಬ್ಯಾಡ್ರಿ. ಅವನ ವಾಸನಿ ಇರಲಿ.

ಶಿವಬಸಮ್ಮ


ನಾರಾಯಣಪೇಟ
೧೭ ಡಿಸೆಂಬರ್ ೧೯೪೮

ಮಾವ ಆಶಪ್ಪನವರಿಗೆ ತಾಯಪ್ಪನ ಶರಣು.

ಈ ಪತ್ರದ ಮೂಲಿ ಹರೀಬೇಕಿತ್ತು. ಹರದಿಲ್ಲ. ಟಪಾಲಿನವನ ಕೈಯಿಂದ ಅಕೀನ ಇಸಗೊಂಡರ ಮೂಲಿ ಹರದ ಕಾಗದ ನೋಡಿದ ಕೂಡಲೇ ಕೆಟ್ಟ ಸುದ್ದಿ ಅಂತ ತಿಳಕೊಂಡುಬಿಡತಾಳ. ನೀವು ಒಬ್ಬರ ಓದ್ರಿ.

ಮಂಗಳವಾರ ಮಧ್ಯಾಹ್ನ ಸಿದ್ದು ಹೋದ. ಮುಂಜಾನಿ ಚಲೋ ಇದ್ದ. ಎರಡು ಚಮಚ ಗಂಜಿ ಕುಡದಿದ್ದ. ನಾ ಬಿಸಲಾಗ ಕುಂತು ತೊಡಿ ಮ್ಯಾಲ ಹಾಕಿಕೊಂಡಿದ್ದೆ. ಎದರಿಗೆ ಮಾರ್ಕಂಡೇಯನ ಮನ್ಯಾಗ ಮಗ್ಗ ನಡದಿತ್ತು. ಕೆಮ್ಮು ಬಂತು. ಕೆಮ್ಮು ಮುಗದ ಮ್ಯಾಲ ಒಂದು ಉಸರು ಎಳಕೊಳ್ಳತಾರಲ್ಲ, ಕೂಗಿದಂಗ, ಅದರ ಹಾದಿ ಕಾಯ್ದೆ. ಮಗ್ಗದ ಸಪ್ಪಳ ಕೇಳಕೋತ ಕಾಯ್ದೆ. ಅದು ಬರಲಿಲ್ಲ.

ಸಂಜೀಕ ಅಯ್ಯನವರು ಬಂದು ವಿಭೂತಿ ಹಚ್ಚಿದರು. ಊರ ಹೊರಗ ಹುಣಸಿಗಿಡದ ಕೆಳಗ ಮಣ್ಣು ಮಾಡಿ ಬಂದಿವಿ. ಮರುದಿನ ಮುಂಜಾನಿ ಅಕಿ ಪತ್ರ ಬಂತು, ಕೂಸಿಗೆ ಸಿದ್ದುನ ಕುಂಚಿಗಿ ಕಳಸ್ರಿ ಅಂತ.

ಹೆರಿಗಿ ಆಗೂತನಕ ಅಕಿಗೆ ಹೇಳಬ್ಯಾಡ್ರಿ. ಹೆರಿಗಿ ಆದ ಮ್ಯಾಲನೂ ಬ್ಯಾಡ್ರಿ. ಸುದ್ದಿ ಕೇಳಿದರ ಎದೀ ಹಾಲು ಬತ್ತತೈತಿ, ಆ ಕೂಸನ್ನೂ ಕಳಕೊಂತೀವಿ. ಶಿವರಾತ್ರಿಗೆ ನಾನ ಬಂದು ಹೇಳತೀನಿ. ಅಲ್ಲೀತನಕ ಅವನ ಸುದ್ದಿ ನಾ ಬರೀತೀನಿ. ಇಪ್ಪತ್ತು ವರ್ಷ ಸೀರಿ ಮಾರೀನಿ, ಬಣ್ಣ ಬಿಡೂ ಸೀರಿಗೆ ಬಿಡೂದಿಲ್ಲ ಅಂತ ಒಮ್ಮಿನೂ ಹೇಳಿಲ್ಲ. ಈಗ ಹೇಳತೀನಿ.

ಮಕ್ತಲದಾಗ ಅಕಿ ಕೈಗೆ ಕೊಡಲಿಲ್ಲ. ಅದೊಂದು ಮಾತು ನೀವರ ಹೇಳ್ರಿ ಮಾವ, ನಾ ತಪ್ಪು ಮಾಡಿದೆನೇನು?

ತಾಯಪ್ಪ


ಗದ್ವಾಲ
೨೧ ಡಿಸೆಂಬರ್ ೧೯೪೮

ತಾಯಪ್ಪಗ ಆಶಪ್ಪನ ಆಶೀರ್ವಾದ.

ಪತ್ರ ಓದಿ ಒಲೀಗೆ ಹಾಕಿದೆ. ಶಿವಬಸಮ್ಮ ಯಾರದು ಅಂತ ಕೇಳಿದಳು. ಇಟಿಕ್ಯಾಲದಿಂದ, ಎತ್ತಿನ ಮಾತು ಅಂದೆ. ಎತ್ತಿನ ಮಾತಿಗೆ ಯಾಕ ಅಳತೀದಿ ಅಂದಳು. ಹೊಗಿ ಅಂದೆ.

ಚನ್ನಿನ್ನ ನೋಡಿಕೊ.

ಆಶಪ್ಪ


ನಾರಾಯಣಪೇಟ
೨೪ ಡಿಸೆಂಬರ್ ೧೯೪೮

ಶಿವಬಸಮ್ಮಗ,

ಚನ್ನಿ ಆರಾಮ ಆಗ್ಯಾಳ. ಗ್ವಾಡಿ ಮ್ಯಾಲ ಗೀಟು ಎಳಿಯೂದು ಬಿಟ್ಟೀನಿ. ಸಿದ್ದುಂದೂ ಕಡಿಮಿ ಐತಿ.

ಈ ಪತ್ರ ತರೂ ಯಲ್ಲಯ್ಯನ ಕೈಯಾಗ ಕೂಸಿಗೆ ಕುಂಚಿಗಿ ಕಳಸೀನಿ. ಹಳೇದು ಕಳಸಾಕ ಆಗಲಿಲ್ಲ. ಇಲಿ ಕಡದಾವ. ಅದಕ್ಕ ಮಾರ್ಕಂಡೇಯಗ ಹೇಳಿ ಮೆತ್ತನ್ನ ನೂಲಿಂದ ಒಂದು ಗೇಣು ಬ್ಯಾರೆ ನೇಯಿಸಿದೆ, ಕೆಂಪು ದಡಿ ಇಟ್ಟು. 'ಎವರಿಕಿ ಸೇಟೂ, ಪಾಪಕಾ ಬಾಬುಕಾ?' ಅಂದ, ಹೆಣ್ಣಿಗೋ ಗಂಡಿಗೋ ಅಂತ. ಇನ್ನೂ ಹುಟ್ಟಿಲ್ಲ ಅಂದೆ. ಕೂಲಿ ಮುಟ್ಟಲಿಲ್ಲ ಅಂವ. ಅಕ್ಕ ಹೊಲದಾಳ. ನೀರಾಗ ಮೂರು ಸಲ ಅದ್ದಿ ಒಣಗಿಸೀನಿ, ಹಳೇದರಂಗ ಮೆತ್ತಗಾಗೈತಿ.

ಚಿಂತಿ ಮಾಡಬ್ಯಾಡ.

ತಾಯಪ್ಪ


ಗದ್ವಾಲ
೮ ಜನವರಿ ೧೯೪೯

ಚನ್ನಿ ಅಪ್ಪಗ ಶರಣು.

ಎಳ್ಳ ಅಮಾಸಿ ಹಿಂದಿನ ದಿನ ಹೆಣ್ಣು ಹುಟ್ಯಾಳ. ನಿಮ್ಮ ಮೂಗು. ಅಳೂ ಜೋರು ನೋಡಿದರ ಬಾಯಿನೂ ನಿಮ್ಮದ. ಹಾಲು ಸಾಕಷ್ಟು ಐತಿ.

ಕುಂಚಿಗಿ ಮುಟ್ಟಿತು. ನೇಯ್ಗಿ ಚಲೋ ಐತಿ.

ಸಿದ್ದು ಹೆಂಗದಾನ? ಬರೇ 'ಕಡಿಮಿ ಐತಿ' ಅಂತ ಬರದರ ಹೊಟ್ಟಿ ತುಂಬೂದಿಲ್ಲ. ಏನ ಉಂಡ, ಏನ ಮಾತಾಡಿದ, ಎಲ್ಲಿ ಬಿದ್ದ, ಯಾರನ್ನ ಕಡದ, ಎಲ್ಲಾ ಬರೀರಿ. ನೀವು ಮಾತಿನ ಮನುಷ್ಯರು, ಕಂಜೂಸತನ ಮಾಡಬ್ಯಾಡ್ರಿ.

ಶಿವಬಸಮ್ಮ


ನಾರಾಯಣಪೇಟ
೧೭ ಜನವರಿ ೧೯೪೯

ಶಿವಬಸಮ್ಮಗ,

ಮಗಳು ಬಂದಾಳ, ಅದ ಸಾಕು ಈ ವರ್ಷಕ್ಕ. ಮೂಗು ನಂದಾದರ ಅಕಿ ಲಗ್ನಕ್ಕ ತ್ರಾಸ ಐತಿ.

ಸಿದ್ದುನ ಸುದ್ದಿ ಕೇಳಿದಿ. ಈಗ ಹೊಸ್ತಲಾ ತಾನ ದಾಟತಾನ. ಮೊದಲ ಹೊಟ್ಟಿ ಮ್ಯಾಲ ಬಿದ್ದು ಒಂದು ಕಾಲು ಆ ಕಡೆ ಇಳಸತಾನ, ಆಮ್ಯಾಲ ನಾಲ್ಕೂ ಕಡೆ ನೋಡತಾನ, ಯಾರರ ಶಾಬಾಸ ಅಂತಾರೇನೋ ಅಂತ. ಮಾರ್ಕಂಡೇಯನ ಮಗ್ಗದ ಮುಂದ ಕುಂತರ ಏಳೂದಿಲ್ಲ. ಲಾಳಿ ಆ ಕಡೆ ಹೋದರ ತಲೀ ಆ ಕಡೆ, ಈ ಕಡೆ ಬಂದರ ಈ ಕಡೆ. ಮೊನ್ನೆ 'ಮಗ್ಗ' ಅಂದ. ಸಂಕ್ರಾಂತಿಗೆ ಅಕ್ಕ ಎಳ್ಳು ಬೆಲ್ಲ ಕೊಟ್ಟಳು. ತಿಂದು ಇನ್ನೊಮ್ಮೆ ಕೈ ಒಡ್ಡಿದ. ನಿನ್ನ ಮಗ ಅಲ್ಲೇನು, ಒಂದಕ್ಕ ತೃಪ್ತಿ ಎಲ್ಲೈತಿ.

ಬರಿಯಾಕ ಕುಂತರ ಹಾಳೀ ತುಂಬತೈತಿ. ಅಂಗಡಿಗೆ ಮಂದಿ ಬಂದಾರ, ನಿಲ್ಲಸತೀನಿ.

ತಾಯಪ್ಪ


ಗದ್ವಾಲ
೨೬ ಜನವರಿ ೧೯೪೯

ಚನ್ನಿ ಅಪ್ಪಗ ಶರಣು.

ಕೂಸಿಗೆ ಹೆಸರು ಇಟ್ಟಿಲ್ಲ. ನೀವು ಬಂದ ಮ್ಯಾಲ ಇಡೋಣು ಅಂತ ತೊಟ್ಟಲಾ ಕಟ್ಟಿಲ್ಲ.

ನಿಮ್ಮ ಪತ್ರ ಆರು ಸಲ ಓದೀನಿ. ಹೊಸ್ತಲಾ ದಾಟಿದ ಮ್ಯಾಲ ಮುಂದ ಎಲ್ಲಿಗೆ ಹೋಗತಾನ? ಅಂಗಳದಾಗ ಆ ಹಾಳು ಬಾವಿ ಕಟ್ಟಿ ಗಿಡ್ಡ ಐತಿ, ಎತ್ತರ ಮಾಡಸ್ರಿ. ಇನ್ನೂ ಕಿವಿ ಹಿಡೀತಾನೇನು?

ಶಿವಬಸಮ್ಮ


ನಾರಾಯಣಪೇಟ
೬ ಫೆಬ್ರವರಿ ೧೯೪೯

ಶಿವಬಸಮ್ಮಗ,

ಬಾವಿ ಕಟ್ಟಿ ಎತ್ತರ ಮಾಡಿಸಿದೆ. ಕಲ್ಲಿನವರು ಯಾರ ಸಲುವಾಗಿ ಅಂತ ಕೇಳಲಿಲ್ಲ.

ಹೊಸ್ತಲಾ ದಾಟಿ ಅಂಗಳಕ್ಕ, ಅಂಗಳದಿಂದ ಓಣಿಗೆ. ಚನ್ನಿ ಹಿಂದ ಓಡತಾನ. ಅಕಿ ಮೂರು ಹೆಜ್ಜಿ ಬಿಟ್ಟು ನಿಂತು ಕಾಯತಾಳ, ಇಂವ ಮುಟ್ಟಿದ ಕೂಡಲೇ ಮತ್ತ ಓಡತಾಳ. ನಿನ್ನಿ ಅಂಗಡಿ ತನಕ ಬಂದಿದ್ದ. ಗಿರಾಕಿ ಮುಂದ ಹಾಸಿದ ಸೀರಿ ಮ್ಯಾಲ ನಡದ, ಕಾಲು ಧೂಳು. ನಾ ಇನ್ನೊಂದು ಸೀರಿ ಹಾಸಿದೆ.

ಕಿವಿ ಹಿಡೀತಾನ. ಬಿಡಿಸಿಕೊಳ್ಳಾಕ ಹೋದರ ಎಚ್ಚರ ಆಗತಾನ, ಅದಕ್ಕ ಹಂಗ ಮಲಗಿರತೀನಿ.

ಇವತ್ತು ಹೆಚ್ಚಿಗಿ ಬರಿಯಾಕ ಆಗವಲ್ದು. ಕೈ ನೋಯತೈತಿ.

ತಾಯಪ್ಪ


ಗದ್ವಾಲ
೧೮ ಫೆಬ್ರವರಿ ೧೯೪೯

ಸಿದ್ದು ಅಪ್ಪಗ ಶರಣು.

ಕೈ ನೋಯತೈತಿ ಅಂತ ಬರದೀರಿ. ಸಾಕು ಬಿಡ್ರಿ. ಇನ್ನ ಬರೀಬ್ಯಾಡ್ರಿ.

ನನಗ ಗೊತ್ತೈತಿ. ಯಲ್ಲಯ್ಯ ಗಂಟು ಬಿಚ್ಚಿ ಕೈಯಾಗ ಹೊಸಾ ಕುಂಚಿಗಿ ಇಟ್ಟನಲ್ಲ, ಆವಾಗ ಗೊತ್ತಾತು. ಇಲಿ ಕಡದರೂ ಉಳದಷ್ಟಕ್ಕ ತ್ಯಾಪಿ ಹಚ್ಚೂ ಮನುಷ್ಯರು ನೀವು. ದಡಿ ತಪ್ಪಿದ ತುಂಡನ್ನ ಎಂಟು ವರ್ಷ ಟ್ರಂಕಿನಾಗ ಇಟ್ಟವರು. ಹುಟ್ಟೂ ಕೂಸಿಗೆ ಹೊಸಾದು ತೊಡಸಬಾರದು ಅಂತ ಗೊತ್ತಿದ್ದೂ ನೀವು ಹೊಸಾದು ನೇಯಿಸಿ ಕಳಸ್ತೀರಿ ಅಂದರ, ಹಳೇದನ್ನ ಈ ಕೂಸಿಗೆ ಹಾಕಬಾರದಂಗ ಏನೋ ಆಗೈತಿ. ಅಪ್ಪನ ಮುಖ ನೋಡಿದೆ. ಅಂವ ಎತ್ತು ನೋಡಾಕ ಹಿತ್ತಲಾಕ ಹೋದ.

ಕೂಸಿಗೆ ಅವ್ವನ ಹಳೇ ಸೆರಗು ಹರದು ಸುತ್ತಿದಿವಿ. ಅಪ್ಪಗ, ಅವ್ವಗ ನಾ ಕೇಳಲಿಲ್ಲ. ಅವರು ನನಗ ಹೇಳಲಿಲ್ಲ. ಅಳೂದು ಬಂದಾಗ ಕೂಸಿಗೆ ಹಾಲು ಕುಡಸತಿದ್ದೆ. ಬತ್ತಿಲ್ಲ ಹಾಲು. ಇಬ್ಬರಿಗಾಗೂವಷ್ಟು ಬರತೈತಿ.

ಗೊತ್ತಿದ್ದೂ ಯಾಕ ಕೇಳಿದಿ ಅಂತ ಸಿಟ್ಟಾಗಬ್ಯಾಡ್ರಿ. ಇಲ್ಲಿ ಅವನ ಹೆಸರು ತಗೊಳ್ಳವರಿಲ್ಲ. ಹೆಸರು ಬಂದರ ಎದ್ದು ಹೋಗತಾರ. ನಿಮ್ಮ ಪತ್ರದಾಗ ಅಂವ ಹೊಸ್ತಲಾ ದಾಟತಿದ್ದ. ಇನ್ನೊಂದು ಬರಲಿ, ಇನ್ನೊಂದು ಬರಲಿ ಅಂತ ಆಸಿ ಬಿದ್ದೆ. ಎಳ್ಳು ಬೆಲ್ಲ ತಿಂದು ಮತ್ತ ಕೈ ಒಡ್ಡಿದ ಅಂತ ಬರದಿರಿ. ನನ್ನ ಸಿದ್ದು ಎಳ್ಳು ಉಗಳತಿದ್ದ. ಇಂವ ಬ್ಯಾರೆ ಹುಡುಗ ಅಂತ ಅಲ್ಲೇ ತಿಳೀತು. ಆದರೂ ಓದಿದೆ. ಆ ಹುಡುಗನ್ನ ನೀವು ಚಲೋ ಬೆಳಿಸೀರಿ.

ಮಕ್ತಲದಾಗ ನನ್ನ ಕೈಯಾಗ ಕೊಡಲಿಲ್ಲ. ಕೊಟ್ಟಿದ್ದರ ಈಕಿ ಉಳೀತಿದ್ದಿಲ್ಲ, ನನಗೂ ತಿಳೀತೈತಿ. ಈಕಿ ಮುಖ ನೋಡಿದಾಗ ನೀವು ಮಾಡಿದ್ದು ಸರಿ ಅನಸತೈತಿ. ಮಲಗಿದಾಗ ಅನಸೂದಿಲ್ಲ. ಇದನ್ನ ಹೆಂಗ ಸರಿ ಮಾಡಬೇಕೋ ನನಗ ಬರೂದಿಲ್ಲ, ನಿಮಗೂ ಬರೂದಿಲ್ಲ ಅಂತ ಕಾಣತೈತಿ.

ಶಿವರಾತ್ರಿಗೆ ಚಳಿ ಶಿವಾ ಶಿವಾ ಅಂತ ಹೋಗತೈತಿ ಅಂತಾರ. ಹಬ್ಬ ಮುಗದ ಮೂರನೇ ದಿನ ಅಪ್ಪ ನಮ್ಮನ್ನ ಹೊಳೀ ದಾಟಸತಾನ. ದಂಡಿಗೆ ಬರ್ರಿ.

ಒಂದ ಕೇಳತೀನಿ, ಇದಕ್ಕ ಖರೇ ಹೇಳ್ರಿ. ಆ ಹಳೇ ಕುಂಚಿಗಿ ಎಲ್ಲೈತಿ? ಮನ್ಯಾಗ ಇದ್ದರ ಒಗೀಬ್ಯಾಡ್ರಿ. ನನಗ ಬೇಕು.

ಶಿವಬಸಮ್ಮ


ನಾರಾಯಣಪೇಟ
೨೩ ಫೆಬ್ರವರಿ ೧೯೪೯

ಶಿವಬಸಮ್ಮಗ,

ಬಂಡಿ ಕಟ್ಟಿಕೊಂಡು ಬೆಳಗಿನಿಂದ ದಂಡ್ಯಾಗ ನಿಂತಿರತೀನಿ. ಚನ್ನಿನ್ನೂ ಕರಕೊಂಡು ಬರತೀನಿ. ನಾ ಪತ್ರ ಬರಿಯೂಮುಂದ ಅಕಿ ಮಗ್ಗಲಾಗ ಕುಂತು 'ಇವತ್ತು ಸಿದ್ದು ಏನ ಮಾಡಿದ ಅಪ್ಪಾ?' ಅಂತ ಕೇಳತಿದ್ದಳು. ಅಂಗಡಿಗೆ ಬಂದು ಸೀರಿ ಮ್ಯಾಲ ನಡದ ಅಂತ ಹೇಳಿಕೊಟ್ಟಾಕಿ ಅಕೀನ. ಎಳ್ಳಿನ ತಪ್ಪು ನಂದು.

ಕುಂಚಿಗಿ ಮನ್ಯಾಗ ಇಲ್ಲ.

ಆ ದಿನ ಭಾಳ ಥಂಡಿ ಇತ್ತು. ಅಯ್ಯನವರು ವಿಭೂತಿ ಹಚ್ಚಾಕ ಅದನ್ನ ತಗದು ನನ್ನ ಕೈಯಾಗ ಕೊಟ್ಟರು. ಹೆಂಗಸರು ಎತ್ತಿಡು ಅಂದರು. ಬರೂ ಕೂಸಿಗೆ ಬೇಕಾಗತೈತಿ ಅನ್ನೂದು ನನಗೂ ಆವಾಗ ನೆನಪಿತ್ತು. ಡಾಕ್ಟರ ಹೇಳಿದ್ದೂ ನೆನಪಿತ್ತು, ನೀ ಹೇಳಿದ್ದೂ ನೆನಪಿತ್ತು. ಬರೇ ತಲೀಲೆ ಕಳಸಾಕ ನನ್ನ ಕೈಲೆ ಆಗಲಿಲ್ಲ. ಹೊಳ್ಳಿ ತೊಡಿಸಿದೆ. ಚನ್ನಿ ಕಡದ ಕಸಿ ಗಿಡ್ಡ ಆಗಿದ್ದವು, ಹಿಡಿಯಾಕ ಬರತಿದ್ದಿಲ್ಲ. ಎಳದು ಎರಡು ಗಂಟು ಹಾಕಿದೆ.

ಈ ಸಲ ಅಂವ ಕಿತ್ತಿ ಒಗೀಲಿಲ್ಲ.

ಸಿದ್ದು ಅಪ್ಪ